ಡಾ. ಪ್ಯಾಪ್ ಮತ್ತು ತಪಾಸಣೆಗೆ ಬಾರದ ಹೆಣ್ಣುಮಕ್ಕಳು

ಸ್ತ್ರೀರೋಗ ತಜ್ಞರ ಕೊಠಡಿಯಲ್ಲಿ, ಪ್ರಯೋಗಾಲಯಗಳ ದರಪಟ್ಟಿಯಲ್ಲಿ, ಕಂಪನಿಗಳು ಉದ್ಯೋಗಿಗಳಿಗೆ ಒದಗಿಸುವ ವಾರ್ಷಿಕ ಆರೋಗ್ಯ ತಪಾಸಣೆಯ ಚೀಟಿಯಲ್ಲಿ ‘ಪ್ಯಾಪ್ ಸ್ಮಿಯರ್’ ಎಂಬ ಎರಡು ಪದಗಳು ಕಾಣಸಿಗುತ್ತವೆ. ಪ್ಯಾಪ್ ಎಂದರೆ ಯಾವುದೋ ರಾಸಾಯನಿಕದ ಅಥವಾ ಉಪಕರಣದ ಹೆಸರಿರಬೇಕೆಂದು ಭಾವಿಸಿದವರೇ ಹೆಚ್ಚು. ಅದು ಒಬ್ಬ ಮನುಷ್ಯನ ಹೆಸರಿನ ಮೊದಲ ತುಂಡು. ಜಾರ್ಜ್ ಪಾಪಾನಿಕೊಲಾವ್ ಎಂಬ ಉದ್ದನೆಯ ಗ್ರೀಕ್ ಹೆಸರು ಸಹೋದ್ಯೋಗಿಗಳ ನಾಲಿಗೆಗೆ ಸಲೀಸಾಗದೆ ‘ಡಾ. ಪ್ಯಾಪ್’ ಎಂದು ಮೊಟಕಾಯಿತು. ಆ ಮೊಟಕು ಹೆಸರೇ ಜಗತ್ತಿನಾದ್ಯಂತ ಉಳಿದುಕೊಂಡಿತು.

ಈ ಮನುಷ್ಯನ ಬದುಕನ್ನು ಇಂದು ನೆನೆಯಲು ನಮ್ಮ ಮನೆಯೊಳಗಿನದೇ ಒಂದು ಕಾರಣವಿದೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 1.9 ಮಾತ್ರ. ಅಂದರೆ ನೂರರಲ್ಲಿ ಇಬ್ಬರೂ ಇಲ್ಲ. ಅದೇ ವೇಳೆ, 2022ರ ಜಾಗತಿಕ ಅಂದಾಜಿನಂತೆ ಈ ದೇಶದಲ್ಲಿ ಆ ಒಂದು ವರ್ಷದಲ್ಲೇ 1.27 ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಈ ರೋಗ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಮಂದಿ ಅದರಿಂದ ಸತ್ತರು. ಮೊದಲೇ ಕಂಡುಹಿಡಿದರೆ ಬರದಂತೆಯೇ ತಡೆಯಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದು ಒಂದು. ತಡೆಯುವ ದಾರಿಯನ್ನು ತೋರಿಸಿಕೊಟ್ಟ ವ್ಯಕ್ತಿ ತೀರಿಕೊಂಡು ಅರವತ್ತು ವರ್ಷಗಳು ಕಳೆದಿವೆ.

1883ರ ಮೇ 13ರಂದು ಗ್ರೀಸ್ ದೇಶದ ಎವಿಯಾ ದ್ವೀಪದ ಕೀಮಿ ಎಂಬ ಪುಟ್ಟ ಪಟ್ಟಣದಲ್ಲಿ ಪಾಪಾನಿಕೊಲಾವ್ ಜನಿಸಿದರು. ತಂದೆ ನಿಕೋಲಾಸ್ ವೈದ್ಯರು, ರಾಜಕಾರಣದಲ್ಲೂ ಹೆಸರು ಮಾಡಿದವರು. ಮಗ ತನ್ನಂತೆಯೇ ವೈದ್ಯನಾಗಿ ಊರಿನಲ್ಲಿ ನೆಲೆಸಲಿ ಎಂಬುದು ಅವರ ಆಸೆ. ಮಗನಿಗೆ ಸಂಗೀತ, ಸಾಹಿತ್ಯ, ತತ್ತ್ವಶಾಸ್ತ್ರಗಳತ್ತ ಒಲವು, ಪಿಟೀಲು ನುಡಿಸುತ್ತಿದ್ದರು. ಆದರೂ ತಂದೆಯ ಮಾತಿಗೆ ಕಟ್ಟುಬಿದ್ದು ಅಥೆನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1904ರಲ್ಲಿ ಪದವಿ ಪಡೆದರು. ಸೇನೆಯಲ್ಲಿ ಕಡ್ಡಾಯ ಸೇವೆ ಮುಗಿಸಿ ಊರಿಗೆ ಮರಳಿದಾಗ ಅವರು ಕೈಗೆತ್ತಿಕೊಂಡದ್ದು ಪಟ್ಟಣದಿಂದ ಹೊರಗೆ ತಳ್ಳಲ್ಪಟ್ಟಿದ್ದ ಕುಷ್ಠರೋಗಿಗಳ ಆರೈಕೆಯನ್ನು. ದುಡ್ಡು ತರುವ ವೈದ್ಯವೃತ್ತಿ ಈ ಯುವಕನಿಗೆ ಒಗ್ಗುವುದಿಲ್ಲವೆಂಬುದು ತಂದೆಗೆ ಅರ್ಥವಾಗಿರಬೇಕು. ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೋಗಲು ಒಪ್ಪಿಗೆ ಸಿಕ್ಕಿತು. ಯೇನಾದಲ್ಲಿ ಅರ್ನ್‌ಸ್ಟ್ ಹೆಕೆಲ್, ಫ್ರೈಬರ್ಗ್‌ನಲ್ಲಿ ಆಗಸ್ಟ್ ವೈಸ್‌ಮನ್, ಮ್ಯೂನಿಕ್‌ನಲ್ಲಿ ರಿಚರ್ಡ್ ಹೆರ್ಟ್‌ವಿಗ್. ಹೀಗೆ ಆ ಕಾಲದ ಜೀವಶಾಸ್ತ್ರದ ದೊಡ್ಡ ಹೆಸರುಗಳ ಬಳಿ ಕಲಿತು, 1910ರಲ್ಲಿ ಮ್ಯೂನಿಕ್‌ನಿಂದ ಡಾಕ್ಟರೇಟ್ ಪಡೆದರು. ಡಾಫ್ನಿಯಾ ಎಂಬ ಸೂಕ್ಷ್ಮ ಜಲಜೀವಿಯಲ್ಲಿ ಲಿಂಗ ಹೇಗೆ ನಿರ್ಧಾರವಾಗುತ್ತದೆ ಎಂಬುದು ಪ್ರಬಂಧದ ವಿಷಯ. ಮನುಷ್ಯರ ಕಾಯಿಲೆಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಆದರೆ ಮುಂದೆ ಅನ್ನಕ್ಕೆ ದಾರಿ ಮಾಡಿದ್ದು ಈ ಜಲಜೀವಿಯೇ.

ಅದೇ ವರ್ಷ ಅವರು ಆಂಡ್ರೊಮಾಕಿ ಮಾವ್ರೊಯೆನಿ ಎಂಬ ತರುಣಿಯನ್ನು ವಿವಾಹವಾದರು. ಸೇನಾಧಿಕಾರಿಯ ಮಗಳು, ಫ್ರೆಂಚ್ ಭಾಷೆ ಮತ್ತು ಸಂಗೀತ ಬಲ್ಲವರು. ಅಮೆರಿಕದಲ್ಲಿ ಇವರನ್ನು ಮೇರಿ ಎಂದು ಕರೆದರು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಪ್ಯಾಪ್ ಪರೀಕ್ಷೆಯ ಚರಿತ್ರೆಯಲ್ಲಿ ಗಂಡನ ಹೆಸರಿಗೆ ಸಿಕ್ಕ ಜಾಗದ ಅರ್ಧವಾದರೂ ಹೆಂಡತಿಗೆ ಸಿಗಬೇಕಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಮೊನಾಕೊದ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ಕಾಲ ದುಡಿದು, 1912–13ರ ಬಾಲ್ಕನ್ ಯುದ್ಧದಲ್ಲಿ ಸೇನಾ ವೈದ್ಯರಾಗಿ ಸೇವೆ ಸಲ್ಲಿಸಿದ ಪಾಪಾನಿಕೊಲಾವ್‌ಗೆ, ಅಮೆರಿಕದಿಂದ ಯುದ್ಧಕ್ಕೆಂದು ಬಂದಿದ್ದ ಗ್ರೀಕ್ ಮೂಲದ ಸ್ವಯಂಸೇವಕರ ಪರಿಚಯವಾಯಿತು. ಅಲ್ಲಿ ಸಂಶೋಧನೆಗೆ ಅವಕಾಶಗಳಿವೆ ಎಂಬ ಆಸೆ ಹುಟ್ಟಿದ್ದು ಅವರ ಮಾತುಗಳಿಂದ. 1913ರ ಅಕ್ಟೋಬರ್ 19ರಂದು ದಂಪತಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದರು. ಕೈಯಲ್ಲಿದ್ದದ್ದು ಸುಮಾರು 250 ಡಾಲರ್. ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ.

ಎರಡು ವಿಶ್ವವಿದ್ಯಾಲಯಗಳ ಪದವೀಧರ ಗಿಂಬೆಲ್ಸ್ ಎಂಬ ದೊಡ್ಡ ಮಳಿಗೆಯಲ್ಲಿ ರತ್ನಗಂಬಳಿ ಮಾರಲು ನಿಂತು ಒಂದೇ ದಿನಕ್ಕೆ ಆ ಕೆಲಸ ಬಿಟ್ಟರು. ಹೋಟೆಲುಗಳಲ್ಲಿ ಪಿಟೀಲು ನುಡಿಸಿದರು. ಗ್ರೀಕ್ ಭಾಷೆಯ ಪತ್ರಿಕೆಯೊಂದರಲ್ಲಿ ಗುಮಾಸ್ತರಾದರು. ಅದೇ ಗಿಂಬೆಲ್ಸ್ ಮಳಿಗೆಯಲ್ಲಿ ಮೇರಿ ಬಟ್ಟೆಗಳಿಗೆ ಗುಂಡಿ ಹೊಲಿಯುತ್ತಿದ್ದರು. ವಾರಕ್ಕೆ ಐದು ಡಾಲರ್ ಕೂಲಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಸಿದ್ಧ ಉಡುಪು ಕಾರ್ಖಾನೆಗಳತ್ತ ಬೆಳಿಗ್ಗೆ ಸಾಲುಗಟ್ಟಿ ಸಾಗುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಆ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಸಿದ್ಧ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಡಾಫ್ನಿಯಾ ಕುರಿತ ಪ್ರಬಂಧವನ್ನು ಓದಿದ್ದರು. ಅವರ ಶಿಫಾರಸಿನಿಂದ ಮೊದಲು ನ್ಯೂಯಾರ್ಕ್ ಆಸ್ಪತ್ರೆಯಲ್ಲಿ, 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೇರಿಯೂ ಗುಂಡಿ ಹೊಲಿಯುವುದನ್ನು ಬಿಟ್ಟು ಗಂಡನ ಪ್ರಯೋಗಾಲಯಕ್ಕೆ ಬಂದು ಸಹಾಯಕಿಯಾದರು.

ಕಾರ್ನೆಲ್‌ನಲ್ಲಿ ಚಾರ್ಲ್ಸ್ ಸ್ಟಾಕಾರ್ಡ್ ಎಂಬ ಪ್ರಾಧ್ಯಾಪಕರು ಗಿನಿಪಿಗ್‌ಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಪಾಪಾನಿಕೊಲಾವ್‌ಗೆ ಬೇಕಾಗಿದ್ದದ್ದು ಒಂದು ನಿರ್ದಿಷ್ಟ ಹಂತದಲ್ಲಿರುವ ಅಂಡಾಣುಗಳು. ಅಂಡ ಬಿಡುಗಡೆಯಾಗುವ ಗಳಿಗೆ ಯಾವುದೆಂದು ಹೊರಗಿನಿಂದ ತಿಳಿಯುವ ಬಗೆ ಗೊತ್ತಿರಲಿಲ್ಲವಾದ್ದರಿಂದ ಪ್ರಾಣಿಗಳನ್ನು ಸುಮ್ಮನೆ ಕೊಲ್ಲಬೇಕಾಗುತ್ತಿತ್ತು. ಮನುಷ್ಯರಲ್ಲಿ ಮಾಸಿಕ ಸ್ರಾವವಿರುವಂತೆ ಉಳಿದ ಸಸ್ತನಿಗಳಲ್ಲೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದರೂ ಯಾವುದೋ ಸ್ರಾವ ಇರಲೇಬೇಕು ಎಂದು ಅವರು ತರ್ಕಿಸಿದರು. ಮೂಗಿನ ಪರೀಕ್ಷೆಗೆ ಬಳಸುವ ಚಿಕ್ಕ ಉಪಕರಣವನ್ನು ತಂದು, ಗಿನಿಪಿಗ್‌ಗಳ ಯೋನಿದ್ರವದ ತುಣುಕನ್ನು ಪ್ರತಿದಿನ ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಡಿ ನೋಡತೊಡಗಿದರು. ಅಲ್ಲಿ ದಿನದಿಂದ ದಿನಕ್ಕೆ ಬದಲಾಗುವ ಜೀವಕೋಶಗಳ ಒಂದು ಕ್ರಮಬದ್ಧ ಮೆರವಣಿಗೆಯೇ ಕಂಡಿತು. 1917ರಲ್ಲಿ ಸ್ಟಾಕಾರ್ಡ್ ಜೊತೆ ಪ್ರಕಟಿಸಿದ ಆ ಪ್ರಬಂಧ, ಮುಂದೆ ಈಸ್ಟ್ರೊಜೆನ್ ಹಾರ್ಮೋನಿನ ಸಂಶೋಧನೆ ನಡೆಸಿದವರ ಕೈಗೆ ಅಳತೆಗೋಲನ್ನು ಕೊಟ್ಟಿತು. ಅಷ್ಟೇ ಆಗಿದ್ದರೂ ವಿಜ್ಞಾನದ ಚರಿತ್ರೆಯಲ್ಲಿ ಅವರ ಹೆಸರು ಉಳಿಯುತ್ತಿತ್ತು.

ಮನುಷ್ಯರಲ್ಲಿ ಇದೇ ಬಗೆಯ ಬದಲಾವಣೆಗಳಿವೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಆದರೆ ಪ್ರತಿದಿನ ತಪ್ಪದೆ ಪರೀಕ್ಷೆಗೆ ಒಡ್ಡಿಕೊಳ್ಳುವ ಹೆಂಗಸು ಎಲ್ಲಿ ಸಿಗಬೇಕು? ಮೇರಿ ಸಿಕ್ಕರು. ಸುಮಾರು ಇಪ್ಪತ್ತು ವರ್ಷಗಳ ಕಾಲ, ಅವರ ದೇಹದಿಂದ ತೆಗೆದ ಮಾದರಿಗಳು ಗಾಜಿನ ಪಟ್ಟಿಗಳ ಮೇಲೆ ಸಂಗ್ರಹವಾದವು. ಹಗಲು ಪ್ರಯೋಗಾಲಯದಲ್ಲಿ ಗಂಡನಿಗೆ ಸಹಾಯಕಿ, ಮನೆಯಲ್ಲಿ ಗೃಹಿಣಿ, ಇವೆರಡರ ಜೊತೆಗೆ ಪ್ರಯೋಗದ ವಸ್ತು. ಅವರಿಗೆ ಮಕ್ಕಳಿರಲಿಲ್ಲ. ಇಂದಿನ ನೈತಿಕ ಸಮಿತಿಗಳ ಮುಂದೆ ಇಂಥ ಪ್ರಸ್ತಾವ ಬಂದರೆ ಗಂಡ–ಹೆಂಡಿರ ನಡುವೆ ಒಪ್ಪಿಗೆ ಎಂಬುದಕ್ಕೆ ಏನರ್ಥ ಎಂದು ಹತ್ತು ಪ್ರಶ್ನೆಗಳು ಏಳುತ್ತವೆ, ಏಳಬೇಕಾದದ್ದೇ. ಆದರೆ ಆ ಇಪ್ಪತ್ತು ವರ್ಷಗಳ ಗಾಜಿನ ಪಟ್ಟಿಗಳು ಒದಗಿಸಿದ ಜ್ಞಾನವನ್ನು ಕಡೆಗಣಿಸುವಂತಿಲ್ಲ. ಆರೋಗ್ಯವಂತ ಹೆಣ್ಣಿನ ಜೀವಕೋಶಗಳು ತಿಂಗಳ ಯಾವ ದಿನ ಹೇಗಿರುತ್ತವೆ, ವಯಸ್ಸಾದಂತೆ ಹೇಗೆ ಮಾರ್ಪಡುತ್ತವೆ ಎಂಬುದು ಕರಗತವಾದವನಿಗೆ ಮಾತ್ರ, ದಾರಿ ತಪ್ಪಿದ ಜೀವಕೋಶ ಕಣ್ಣಿಗೆ ಬಿದ್ದ ಕ್ಷಣವೇ ಅದು ಬೇರೆಯದೆಂದು ಹೊಳೆಯುತ್ತದೆ. ಮೇರಿಯ ಗೆಳತಿಯರು ಕೂಡ ಮಾದರಿ ನೀಡಲು ಒಪ್ಪಿದರೆಂದೂ, ಅವರಲ್ಲಿ ಒಬ್ಬರಿಗೆ ಮುಂದೆ ಗರ್ಭಕೊರಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತೆಂದೂ ಜೀವನಚರಿತ್ರೆಕಾರರು ಹೇಳುತ್ತಾರೆ.

1925ರಲ್ಲಿ ನ್ಯೂಯಾರ್ಕಿನ ಮಹಿಳಾ ಆಸ್ಪತ್ರೆಯಲ್ಲಿ ಪಾಪಾನಿಕೊಲಾವ್ ವ್ಯವಸ್ಥಿತ ಅಧ್ಯಯನವೊಂದನ್ನು ಆರಂಭಿಸಿದರು. ಗರ್ಭಿಣಿಯರು, ಸ್ತ್ರೀರೋಗಗಳಿಗೆ ಚಿಕಿತ್ಸೆ ಪಡೆಯುತ್ತಿದ್ದವರು, ಸ್ವಇಚ್ಛೆಯಿಂದ ಮುಂದೆ ಬಂದ ಆರೋಗ್ಯವಂತರು ಅದರಲ್ಲಿದ್ದರು. ಗರ್ಭಕೊರಳಿನ ಕ್ಯಾನ್ಸರ್ ಇದ್ದ ಮಹಿಳೆಯರ ಮಾದರಿಗಳಲ್ಲಿ ವಿಕಾರಗೊಂಡ ಜೀವಕೋಶಗಳು ಎದ್ದು ಕಂಡವು. ಕೊಯ್ಲಿಲ್ಲ, ನೋವಿಲ್ಲ, ತಾನಾಗಿ ಉದುರಿದ ಜೀವಕೋಶಗಳಲ್ಲೇ ರೋಗದ ಸುಳಿವು! ತಮ್ಮ ವೈಜ್ಞಾನಿಕ ಜೀವನದಲ್ಲೇ ಅತ್ಯಂತ ರೋಮಾಂಚಕವಾದ ಅನುಭವಗಳಲ್ಲಿ ಅದೂ ಒಂದೆಂದು ಅವರು ಮುಂದೆ ನೆನೆಸಿಕೊಂಡರು.

ಈ ಸಂಗತಿಯನ್ನು ಅವರು ಲೋಕಕ್ಕೆ ತಿಳಿಸಿದ್ದು 1928ರ ಜನವರಿಯಲ್ಲಿ, ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ. ವೇದಿಕೆ ಮಾತ್ರ ವಿಚಿತ್ರವಾದದ್ದು. ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಡಾ. ಜಾನ್ ಹಾರ್ವೆ ಕೆಲಾಗ್ ಅವರ ಬೆಂಬಲದಿಂದ ನಡೆಯುತ್ತಿದ್ದ ‘ಜನಾಂಗ ಸುಧಾರಣಾ ಸಮ್ಮೇಳನ’ ಅದು; ಮನುಷ್ಯರನ್ನು ಉತ್ತಮ ತಳಿ, ಕೀಳು ತಳಿ ಎಂದು ವಿಂಗಡಿಸುವ, ಇಂದು ನಾಚಿಕೆಪಡಬೇಕಾದ ವಿಚಾರಧಾರೆಯ ಕೂಟ. ಅಲ್ಲಿ ಓದಿದ ಪ್ರಬಂಧವನ್ನು ಸರಿಯಾಗಿ ಸಿದ್ಧಪಡಿಸಿರಲಿಲ್ಲ, ಅಚ್ಚಿನ ತಪ್ಪುಗಳೂ ಸಾಕಷ್ಟಿದ್ದವು. ರೋಗಶಾಸ್ತ್ರಜ್ಞರು ಅದನ್ನು ತಳ್ಳಿಹಾಕಿದರು. ಗರ್ಭಕೊರಳಿನಿಂದ ಚೂರು ಮಾಂಸ ಕತ್ತರಿಸಿ ನೋಡುವ ಬಯಾಪ್ಸಿ ಇರುವಾಗ ಬಿಡಿ ಜೀವಕೋಶಗಳನ್ನು ಹುಡುಕುವ ಗೊಡವೆ ಏಕೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಈ ವಾದ ಸರಿಯೇ. ಅದರಲ್ಲಿ ತಪ್ಪಿಹೋದ ಅಂಶವೆಂದರೆ, ಬಯಾಪ್ಸಿ ಮಾಡುವುದು ರೋಗವಿದೆ ಎಂದು ಅನುಮಾನ ಬಂದವರಿಗೆ. ಅನುಮಾನವೇ ಬಾರದವರಿಗೆ, ಏನೂ ತೊಂದರೆಯಿಲ್ಲದೆ ಕೆಲಸಕ್ಕೆ ಹೋಗಿ ಬರುತ್ತಿರುವವರಿಗೆ, ಯಾವ ಪರೀಕ್ಷೆ? ತಪಾಸಣೆ ಎಂಬ ಪರಿಕಲ್ಪನೆಯೇ ಆಗ ವೈದ್ಯರ ಮನಸ್ಸಿನಲ್ಲಿ ಮೂಡಿರಲಿಲ್ಲ.

ನ್ಯಾಯವಾಗಿ ಇನ್ನೊಂದು ಹೆಸರನ್ನೂ ಇಲ್ಲಿ ಹೇಳಬೇಕು. ರುಮೇನಿಯಾದ ಔರೆಲ್ ಬಾಬೆಶ್ ಎಂಬ ವೈದ್ಯರು ಇದೇ ತತ್ತ್ವದ ಮೇಲೆ ತಮ್ಮದೇ ವಿಧಾನವನ್ನು 1927ರಲ್ಲಿ ಬುಕಾರೆಸ್ಟ್‌ನಲ್ಲಿ ಮಂಡಿಸಿ, 1928ರಲ್ಲಿ ಫ್ರೆಂಚ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ರುಮೇನಿಯಾದಲ್ಲಿ ಈ ಪರೀಕ್ಷೆಗೆ ಇಬ್ಬರ ಹೆಸರನ್ನೂ ಸೇರಿಸಿ ಹೇಳುವ ರೂಢಿಯಿದೆ.

ಅವಗಣನೆಗೆ ಪಾಪಾನಿಕೊಲಾವ್ ಕೊಟ್ಟ ಉತ್ತರ ಮೌನ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಕ್ಯಾನ್ಸರಿನ ಮಾತನ್ನು ಬದಿಗಿಟ್ಟು ಹಾರ್ಮೋನು, ಋತುಚಕ್ರಗಳ ಅಧ್ಯಯನದಲ್ಲಿ ಮುಳುಗಿದರು. 1939ರ ಸುಮಾರಿಗೆ ಕಾರ್ನೆಲ್‌ನ ವಿಭಾಗಕ್ಕೆ ಜೋಸೆಫ್ ಹಿನ್ಸಿ ಮುಖ್ಯಸ್ಥರಾಗಿ ಬಂದರು. ಹಳೆಯ ಕಾಗದಗಳನ್ನು ಮತ್ತೆ ಬಿಚ್ಚುವಂತೆ ಹುರಿದುಂಬಿಸಿದವರು ಅವರು. ಹರ್ಬರ್ಟ್ ಟ್ರೌಟ್ ಎಂಬ ಸ್ತ್ರೀರೋಗ ತಜ್ಞರು ಜೊತೆಗೂಡಿದರು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ದಾಖಲಾಗುವ ಪ್ರತಿಯೊಬ್ಬ ಮಹಿಳೆಯಿಂದಲೂ, ಅವರು ಬಂದ ಕಾರಣ ಏನೇ ಇರಲಿ, ಮಾದರಿ ತೆಗೆಯಲಾಯಿತು. ಆಗಲೇ ನಿಜವಾದ ಆಶ್ಚರ್ಯ ಕಾದಿದ್ದದ್ದು. ಯಾವ ಲಕ್ಷಣವೂ ಇಲ್ಲದ, ವೈದ್ಯರ ಕಣ್ಣಿಗೂ ಏನೂ ಕಾಣದ ಹೆಂಗಸರಲ್ಲಿ ರೋಗ ಪತ್ತೆಯಾಯಿತು. ಕೆಲವರಲ್ಲಿ ಅದು ಇನ್ನೂ ಕ್ಯಾನ್ಸರ್ ಆಗಿಯೇ ಇರಲಿಲ್ಲ. 1941ರಲ್ಲಿ ಪ್ರಬಂಧ, 1943ರಲ್ಲಿ ಗ್ರಂಥ ಹೊರಬಂದವು. ಗ್ರಂಥದ ಬಣ್ಣದ ಚಿತ್ರಗಳನ್ನು ಬರೆದವರು ಜಪಾನಿನಲ್ಲಿ ಹುಟ್ಟಿದ ಹಶಿಮೆ ಮುರಾಯಾಮ ಎಂಬ ಕಲಾವಿದರು. ಜಪಾನ್ ಮತ್ತು ಅಮೆರಿಕ ಯುದ್ಧದಲ್ಲಿ ತೊಡಗಿದ್ದ ದಿನಗಳಲ್ಲಿ ಒಬ್ಬ ಗ್ರೀಕ್ ವಲಸಿಗ, ಒಬ್ಬ ಜಪಾನೀ ವಲಸಿಗ ಸೇರಿ ಅಮೆರಿಕದ ಹೆಣ್ಣುಮಕ್ಕಳ ಪ್ರಾಣ ಉಳಿಸುವ ಪುಸ್ತಕವನ್ನು ಸಿದ್ಧಪಡಿಸಿದರು.

ಈ ಪರೀಕ್ಷೆಯ ಯಶಸ್ಸಿನಲ್ಲಿ ಎರಡು ಸಣ್ಣ ಸಂಗತಿಗಳ ಪಾತ್ರ ದೊಡ್ಡದು. ಮೊದಲನೆಯದು ಬಣ್ಣ. ಅನೇಕ ವರ್ಣದ್ರವ್ಯಗಳನ್ನು ಬೆರೆಸಿ ಪಾಪಾನಿಕೊಲಾವ್ ರೂಪಿಸಿದ ಲೇಪದಲ್ಲಿ ಜೀವಕೋಶದ ನಡುಗೇಂದ್ರ ಕಡುನೀಲಿಯಾಗಿ, ಸುತ್ತಲಿನ ಭಾಗ ಕಿತ್ತಳೆ, ಗುಲಾಬಿ, ಹಸಿರುನೀಲಿಯಾಗಿ ಬೇರೆಬೇರೆ ಕಾಣುತ್ತದೆ. ಇಂದಿಗೂ ನಮ್ಮ ಜಿಲ್ಲಾ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ಇದೇ ಕ್ರಮ. ಎರಡನೆಯದು ಒಂದು ಮರದ ಚಮಚೆ. ಪಾಪಾನಿಕೊಲಾವ್ ಗಾಜಿನ ನಳಿಕೆಯಿಂದ ದ್ರವ ಹೀರುತ್ತಿದ್ದರು. ಕೆನಡಾದ ವೈದ್ಯ ಅರ್ನೆಸ್ಟ್ ಏರ್ 1947ರಲ್ಲಿ ಗರ್ಭಕೊರಳಿನ ಆಕಾರಕ್ಕೆ ಹೊಂದುವ ಮರದ ಪಟ್ಟಿಯಿಂದ ಜೀವಕೋಶಗಳನ್ನು ನೇರವಾಗಿ ಕೆರೆದು ತೆಗೆಯುವ ಸರಳ ವಿಧಾನವನ್ನು ತಂದರು. ಎರಡು ನಿಮಿಷದ ಕೆಲಸ.

ಅಮೆರಿಕದ ಕ್ಯಾನ್ಸರ್ ಸೊಸೈಟಿ ಈ ಪರೀಕ್ಷೆಯ ಬೆನ್ನಿಗೆ ನಿಂತಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1949ರಲ್ಲೇ ಸಾರ್ವತ್ರಿಕ ತಪಾಸಣೆಗೆ ತೊಡಗಿತು. ಜೀವಕೋಶಗಳನ್ನು ಓದಲು ತರಬೇತಿ ಪಡೆದ ಒಂದು ಹೊಸ ಉದ್ಯೋಗವರ್ಗವೇ ಹುಟ್ಟಿಕೊಂಡಿತು. ಅದರಲ್ಲಿ ಬಹುಪಾಲು ಮಹಿಳೆಯರು. ವ್ಯವಸ್ಥಿತ ತಪಾಸಣೆ ಜಾರಿಯಾದ ದೇಶಗಳಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವುಗಳು ಅರ್ಧಕ್ಕಿಂತಲೂ ಕೆಳಗಿಳಿದವು. 1950ರಲ್ಲಿ ಪಾಪಾನಿಕೊಲಾವ್‌ಗೆ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್‌ಗೆ ಹಲವು ಬಾರಿ ಹೆಸರು ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ.

ಆ ಯಶಸ್ಸು ನಮ್ಮಲ್ಲಿ ಏಕೆ ಮರುಕಳಿಸಲಿಲ್ಲ? ಬೆಂಗಳೂರಿಗೆ ಕಿದ್ವಾಯಿ ಸಂಸ್ಥೆ ಬಂದದ್ದು 1973ರಲ್ಲಿ. ದೇಶದ ಮೊದಲ ಮೂರು ಆಧುನಿಕ ಕ್ಯಾನ್ಸರ್ ನೋಂದಣಿ ಕೇಂದ್ರಗಳಲ್ಲಿ ಒಂದು ಎಂಬತ್ತರ ದಶಕದ ಆರಂಭದಲ್ಲೇ ಇಲ್ಲಿ ಸ್ಥಾಪನೆಯಾಯಿತು. ಅಂದರೆ ರೋಗ ಎಷ್ಟಿದೆ ಎಂಬುದು ನಮಗೆ ನಾಲ್ಕು ದಶಕಗಳಿಂದ ಗೊತ್ತು. ಆದರೆ ಪ್ಯಾಪ್ ಪರೀಕ್ಷೆ ಬೇಡುವ ವ್ಯವಸ್ಥೆ ದುಬಾರಿ. ಮಾದರಿ ತೆಗೆಯುವವರು ಬೇಕು, ಬಣ್ಣ ಹಾಕುವವರು ಬೇಕು, ಒಂದೊಂದು ಗಾಜಿನ ಪಟ್ಟಿಯ ಮೇಲೂ ಸಾವಿರಾರು ಜೀವಕೋಶಗಳನ್ನು ತಾಳ್ಮೆಯಿಂದ ನೋಡುವ ಪಳಗಿದ ಕಣ್ಣು ಬೇಕು. ವರದಿ ಬಂದಾಗ ಆ ಮಹಿಳೆ ಮತ್ತೆ ಬರಬೇಕು. ಹಲವು ವರ್ಷಗಳಿಗೊಮ್ಮೆ ಇದೆಲ್ಲ ಪುನರಾವರ್ತನೆಯಾಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪರೀಕ್ಷೆ ವ್ಯರ್ಥ.

ದುಡಿಯುವ ಹೆಣ್ಣಿನ ಮಟ್ಟಿಗೆ ಕಳಚುವ ಕೊಂಡಿಗಳು ಹಲವು. ಕಾರ್ಖಾನೆಯ ಹೆಣ್ಣುಮಗಳಿಗೆ ಆಸ್ಪತ್ರೆಯ ಸರತಿ ಎಂದರೆ ಒಂದು ದಿನದ ಕೂಲಿ ಹೋದಂತೆ. ಮನೆಗೆಲಸದವರಿಗೆ ರಜೆ ಎಂಬುದೇ ಇಲ್ಲ. ಕಾಯಿಲೆ ಇಲ್ಲದೆ ಆಸ್ಪತ್ರೆಗೆ ಹೋಗುವುದೆಂದರೆ ಕಾಯಿಲೆಯನ್ನು ಕರೆದು ತಂದಂತೆ ಎಂಬ ಅಳುಕು ಬೇರೆ. ಹೊರಗಿನವರ ಮುಂದೆ ಮೈ ಒಡ್ಡುವ ಸಂಕೋಚವನ್ನು ಅಜ್ಞಾನವೆಂದು ಜರೆಯುವವರಿದ್ದಾರೆ. ಪರದೆಯಿಲ್ಲದ ಕೊಠಡಿ, ಗದರುವ ದನಿ, ಬಾಗಿಲು ತೆರೆದು ಒಳಬರುವ ಸಿಬ್ಬಂದಿ ಇವುಗಳ ಅನುಭವ ಇದ್ದವರು ಹಾಗೆ ಹೇಳಲಾರರು. ಆದರೆ ಅರಿವಿನ ಕೊರತೆಯೊಂದೇ ಕಾರಣವಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ಆಸ್ಪತ್ರೆಗಳಲ್ಲೇ ಇದೆ. ದೇಶದ ಹಲವೆಡೆ ಶುಶ್ರೂಷಕಿಯರ ನಡುವೆ ನಡೆದ ಸಮೀಕ್ಷೆಗಳು ಮತ್ತೆ ಮತ್ತೆ ಒಂದೇ ಮಾತನ್ನು ಹೇಳಿವೆ: ಪ್ಯಾಪ್ ಪರೀಕ್ಷೆ ಏನೆಂದು ಬಹುತೇಕರಿಗೆ ಗೊತ್ತು, ಸ್ವತಃ ಮಾಡಿಸಿಕೊಂಡವರು ಬೆರಳೆಣಿಕೆ. ಸುಸಜ್ಜಿತ ಕಚೇರಿಗಳಲ್ಲಿ ದುಡಿಯುವ ವಿದ್ಯಾವಂತೆಯರ ಸ್ಥಿತಿಯೂ ಇದಕ್ಕಿಂತ ತೀರಾ ಭಿನ್ನವೆಂದು ನನಗೆ ಅನಿಸುವುದಿಲ್ಲ. ರಕ್ತದ ಸಕ್ಕರೆ, ಕೊಲೆಸ್ಟರಾಲ್‌ಗಳಿಗೆ ಕೈಯೊಡ್ಡುವವರು ಚೀಟಿಯ ಈ ಒಂದು ಸಾಲನ್ನು ಮುಂದಿನ ವರ್ಷ ನೋಡೋಣವೆಂದು ದಾಟಿಸಿಬಿಡುತ್ತಾರೆ.

ವಿಜ್ಞಾನವಂತೂ ಡಾ. ಪ್ಯಾಪ್ ಬಿಟ್ಟುಹೋದಲ್ಲೇ ನಿಂತಿಲ್ಲ. ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ತಂಡ 1983–84ರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಜೀವಕೋಶಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೇ ಬಗೆಗಳನ್ನು ಗುರುತಿಸಿತು. ಈ ಎರಡೇ ಬಗೆಗಳು ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣ. 2008ರಲ್ಲಿ ಸುರ್ ಹೌಸೆನ್‌ಗೆ ನೊಬೆಲ್ ಸಂದಿತು. ಸೋಂಕು ತಗುಲಿದ ಬಹುತೇಕ ಹೆಂಗಸರ ದೇಹ ತಾನಾಗಿಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದು, ಹತ್ತು ಹದಿನೈದು ವರ್ಷಗಳ ನಿಧಾನಗತಿಯಲ್ಲಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಆ ದೀರ್ಘ ಅವಧಿಯೇ ನಮಗಿರುವ ಅವಕಾಶ.

ದುಬಾರಿ ಪ್ರಯೋಗಾಲಯವಿಲ್ಲದೆ ಈ ಅವಕಾಶವನ್ನು ಬಳಸಿಕೊಳ್ಳುವ ಬಗೆಯನ್ನು ಭಾರತೀಯರೇ ತೋರಿಸಿದ್ದಾರೆ. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ ವಿಕಾರಗೊಂಡ ಭಾಗ ಬೆಳ್ಳಗಾಗುತ್ತದೆ. ಅಡುಗೆಮನೆಯ ವಿನಿಗರ್‌ನಲ್ಲಿರುವುದೂ ಈ ಆಮ್ಲವೇ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಪ್ರಯೋಗದಲ್ಲಿ, ಅಲ್ಪಕಾಲದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಮಾಡಿದ ಈ ಪರೀಕ್ಷೆಯಿಂದ ಸಾವುಗಳು ಶೇ 31ರಷ್ಟು ತಗ್ಗಿದವು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬೀದರ್, ಕಲಬುರಗಿಗಳ ಗಡಿಯಾಚೆ ಇರುವ, ಇಂದು ಧಾರಾಶಿವ ಎನಿಸಿಕೊಂಡ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ 1,31,746 ಮಹಿಳೆಯರಿದ್ದರು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶ ಗಮನಾರ್ಹ. ಜೀವನದಲ್ಲಿ ಒಂದೇ ಬಾರಿ ವೈರಸ್ ಪರೀಕ್ಷೆಗೆ ಒಳಗಾದವರ ಗುಂಪಿನಲ್ಲಿ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಒಂದೇ ಬಾರಿ ಪ್ಯಾಪ್ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಪ್ಯಾಪ್ ಪರೀಕ್ಷೆಯ ಬಲವಿರುವುದು ಪುನರಾವರ್ತನೆಯಲ್ಲಿ. ಪುನರಾವರ್ತನೆಯೇ ಕಷ್ಟವಾದ ಕಡೆ ವೈರಸ್ ಪರೀಕ್ಷೆ ಮೇಲು. ಆ ಮಾದರಿಯನ್ನು ಮಹಿಳೆ ತಾನೇ, ಏಕಾಂತದಲ್ಲಿ ತೆಗೆದುಕೊಡಬಹುದು ಎಂಬುದು ಇನ್ನೊಂದು ಅನುಕೂಲ. ಆಸ್ಟ್ರೇಲಿಯಾ 2022ರಿಂದ ಈ ಆಯ್ಕೆಯನ್ನು ತಪಾಸಣೆಗೆ ಅರ್ಹರಾದ ಎಲ್ಲರಿಗೂ ತೆರೆದಿದೆ. ಸಂಕೋಚ, ಸರತಿ, ಕೂಲಿನಷ್ಟ ಮೂರಕ್ಕೂ ಇದು ಪರಿಹಾರವಾಗಬಲ್ಲದು.

ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ಅಸಿಟಿಕ್ ಆಮ್ಲದ ತಪಾಸಣೆ ನಡೆಸಬೇಕೆಂದು ಹೇಳುತ್ತದೆ. ಮಾರ್ಗಸೂಚಿಗೂ ಶೇ 1.9ಕ್ಕೂ ನಡುವಿನ ಅಂತರವನ್ನು ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತು ತುಂಬಲಾಗದು. ಹೆಣ್ಣುಮಕ್ಕಳು ದಿನಕ್ಕೆ ಎಂಟು ಗಂಟೆ ಇರುವ ಜಾಗಕ್ಕೆ, ಕಾರ್ಖಾನೆಗೆ, ಕಚೇರಿಗೆ, ತೋಟಕ್ಕೆ ತಪಾಸಣೆಯೇ ಬರಬೇಕು. ಆ ಅರ್ಧ ಗಂಟೆಗೆ ಕೂಲಿ ಕಡಿತವಾಗಬಾರದು. ದೋಷ ಕಂಡುಬಂದವರಿಗೆ ಅಲ್ಲೇ ಅಥವಾ ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕು. ಕ್ಯಾನ್ಸರ್ ಪೂರ್ವದ ಹಂತದಲ್ಲಿ ಆ ಭಾಗವನ್ನು ತಂಪಿನಿಂದಲೋ ಶಾಖದಿಂದಲೋ ನಾಶಪಡಿಸುವುದು ಕೆಲವು ನಿಮಿಷಗಳ ಚಿಕಿತ್ಸೆ, ಆಸ್ಪತ್ರೆ ವಾಸ ಬೇಕಿಲ್ಲ. 2022ರಲ್ಲಿ ದೇಶೀಯ ಲಸಿಕೆಯೂ ಸಿದ್ಧವಾಯಿತು. ಅದು ಇಂದಿನ ಹುಡುಗಿಯರನ್ನು ಕಾಯುತ್ತದೆ. ಈಗಾಗಲೇ ನಲವತ್ತರ ಆಸುಪಾಸಿನಲ್ಲಿರುವ ಅವರ ತಾಯಂದಿರಿಗೆ ತಪಾಸಣೆಯೇ ಗತಿ.

ಕೊನೆಯ ವರ್ಷಗಳವರೆಗೂ ಪಾಪಾನಿಕೊಲಾವ್ ಭಾನುವಾರದ ಬಿಡುವನ್ನೂ ಪೂರ್ತಿ ಬಳಸದೆ ದುಡಿದರು. 1954ರಲ್ಲಿ ಜೀವಕೋಶಗಳ ಬೃಹತ್ ಚಿತ್ರಸಂಪುಟವನ್ನು ಹೊರತಂದರು. ಸುಮಾರು ಅರ್ಧ ಶತಮಾನ ಕಳೆದ ಕಾರ್ನೆಲ್ ಬಿಟ್ಟು, 1961ರಲ್ಲಿ ಮಯಾಮಿಯ ಕ್ಯಾನ್ಸರ್ ಸಂಸ್ಥೆಯ ಹೊಣೆ ಹೊತ್ತರು. ಮೂರೇ ತಿಂಗಳಲ್ಲಿ, 1962ರ ಫೆಬ್ರುವರಿ 19ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 78 ವರ್ಷ. ಆ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು. 1995ರಲ್ಲಿ ಗ್ರೀಸ್ ದೇಶ ಹತ್ತು ಸಾವಿರ ಡ್ರಾಕ್ಮಾ ನೋಟಿನ ಮೇಲೆ ಅವರ ಚಿತ್ರವನ್ನು ಅಚ್ಚು ಹಾಕಿಸಿತು. 2002ರಲ್ಲಿ ಯೂರೋ ಬಂದಾಗ ಆ ನೋಟು ಚಲಾವಣೆಯಿಂದ ಮರೆಯಾಯಿತು.

ಮೇರಿ ಗಂಡನ ನಂತರ ಇಪ್ಪತ್ತು ವರ್ಷ ಬದುಕಿದ್ದು 1982ರಲ್ಲಿ ನಿಧನರಾದರು. ಅವರ ಚಿತ್ರ ಯಾವ ನೋಟಿನ ಮೇಲೂ ಬರಲಿಲ್ಲ.